ಗ್ರಬ್ ಸಾಲಿಗೆ ಒಂದು ಪದ ಸೇರಿಸಿ ಡೆಬಿಯನ್ ಎಬ್ಬಿಸಿದ್ದು

ಮನೆಯ ಹಳೇ ಡೆಸ್ಕ್‌ಟಾಪ್‌ಗೆ ಸಾಟಾ ಕೇಬಲ್‌ನಲ್ಲಿ ಜೋಡಿಸುವ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಇನ್‌ಸ್ಟಾಲ್ ಮಾಡಿದ್ದೆ. ಒಂದು ದಿನ ನೆಟ್ಟಗೆ ಬೂಟ್ ಆಗುತ್ತಿತ್ತು. ಇನ್ನೊಂದು ದಿನ ರೂಟ್ ಡಿಸ್ಕ್ (ಡೆಬಿಯನ್ ಇರುವ ಡಿಸ್ಕ್) ಸಿಗಲಿಲ್ಲ ಅಂತ ಹೇಳಿ, ಬೂಟ್‌ನ ಮೊದಲ ಹಂತದ ಪುಟ್ಟ ವ್ಯವಸ್ಥೆಯಾದ ಇನಿಟ್‌ರಾಮ್‌ಎಫ್‌ಎಸ್‌ನ ಪ್ರಾಂಪ್ಟ್‌ನಲ್ಲಿ ಕೂತುಬಿಡುತ್ತಿತ್ತು. ಮಜಾ ಅಂದರೆ, ಸ್ವಲ್ಪ ಹೊತ್ತು ಬಿಟ್ಟು ಅಲ್ಲೇ 'ಎಕ್ಸಿಟ್' ಅಂತ ಟೈಪ್ ಮಾಡಿದರೆ ಏನೂ ಆಗದವರ ಹಾಗೆ ಬೂಟ್ ಆಗುತ್ತಿತ್ತು. ಅಂದರೆ ಡಿಸ್ಕ್ ಇದೆ, ತಡವಾಗಿ ಕಾಣಿಸಿಕೊಳ್ಳುತ್ತಿದೆ. ಹಾಗಾಗಿ ಮತ್ತೆ ಇನ್‌ಸ್ಟಾಲ್ ಮಾಡುವ ಯೋಚನೆ ಬಿಟ್ಟೆ. ಮೊದಲು ಫೈಲ್‌ಗಳ ಬ್ಯಾಕಪ್ ಮಾತ್ರ ತೆಗೆದುಕೊಂಡೆ.

ಕಂಪ್ಯೂಟರ್ ಆನ್ ಆದಾಗ ಲಿನಕ್ಸ್ ಅನ್ನು ಲೋಡ್ ಮಾಡುವ ಪ್ರೋಗ್ರಾಂ ಗ್ರಬ್. ಅದರ ಮೆನುವಿನಲ್ಲಿ 'ಇ' ಒತ್ತಿದರೆ ಬೂಟ್ ಸಾಲುಗಳನ್ನು ತಿದ್ದಬಹುದು. ಅಲ್ಲಿ 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಬೇಕಾದ್ದನ್ನು ಸೇರಿಸಿ ಎಫ್10 ಒತ್ತಬೇಕು. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ. ಎಡವಟ್ಟಾದರೆ ರೀಸ್ಟಾರ್ಟ್ ಮಾಡಿದರೆ ಆಯಿತು. ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಮೊದಲು 'ರೂಟ್‌ಡಿಲೇ=90' ಹಾಕಿದೆ, ಅಂದರೆ ರೂಟ್ ಡಿಸ್ಕ್‌ಗಾಗಿ 90 ಸೆಕೆಂಡ್ ತನಕ ಕಾಯಿ ಅಂತ. ಡೆಬಿಯನ್ ತಾನಾಗಿಯೇ 30 ಸೆಕೆಂಡ್ ಕಾಯುತ್ತದೆ, ಹಾಗಾಗಿ 5, 10 ಅಂತ ಕೊಟ್ಟರೆ ಪ್ರಯೋಜನ ಇಲ್ಲ. ಬೂಟ್ ಆಯಿತು, ಆದರೆ ಕಾದು ಕಾದು. ಇದು ರೋಗ ಬಿಟ್ಟು ಜ್ವರಕ್ಕೆ ಮಾತ್ರ ಮಾತ್ರೆ ಕೊಟ್ಟ ಹಾಗೆ, ಅಲ್ವಾ? ಮುಂದಿನ ಸಲ ಅದೇ ಸಾಲಿನಲ್ಲಿ, ಬೂಟ್ ಮೆಸೇಜ್‌ಗಳನ್ನು ಮುಚ್ಚಿಡುವ 'ಕ್ವೈಟ್' ಪದ ಅಳಿಸಿ ಮೆಸೇಜ್‌ಗಳನ್ನು ನೋಡಿದೆ. 'ರೀಡ್ ಎಫ್‌ಪಿಡಿಎಂಎ ಕ್ಯೂಡ್' ಎಂಬ ಡಿಸ್ಕ್ ಓದುವ ಕಮಾಂಡ್ ಫೇಲ್, ಆಮೇಲೆ 'ಹಾರ್ಡ್ ರೀಸೆಟಿಂಗ್ ಲಿಂಕ್' ಅಂತ ಡಿಸ್ಕ್ ಸಂಪರ್ಕ ರೀಸೆಟ್, ಮತ್ತೆ ಅದೇ. ಕಾಯುವ ಸಮಯವೆಲ್ಲ ಹೋಗುತ್ತಿದ್ದದ್ದು ಇಲ್ಲಿ.

ಆ 'ಕ್ಯೂಡ್' (ಸರದಿಯಲ್ಲಿಟ್ಟ) ಅನ್ನೋದೇ ಸುಳಿವು. ಒಟ್ಟಿಗೆ 32 ಕಮಾಂಡ್‌ಗಳ ತನಕ ಡಿಸ್ಕ್‌ಗೆ ಕೊಟ್ಟು, ಯಾವುದನ್ನು ಮೊದಲು ಮುಗಿಸಬೇಕೆಂದು ಅದಕ್ಕೇ ಬಿಡುವ ವ್ಯವಸ್ಥೆ ಎನ್‌ಸಿಕ್ಯೂ. ಕೆಲವು ಡಿಸ್ಕ್ ಮತ್ತು ಕಂಟ್ರೋಲರ್ (ಡಿಸ್ಕ್ ಜೊತೆ ಮಾತಾಡುವ ಚಿಪ್) ಜೋಡಿಗಳಿಗೆ ಇದು ಹೊಂದುವುದಿಲ್ಲ. ರೂಟ್‌ಡಿಲೇ ತೆಗೆದು, ಎನ್‌ಸಿಕ್ಯೂ ಆಫ್ ಮಾಡುವ 'ಲಿಬ್‌ಎಟಿಎ.ಫೋರ್ಸ್=ನೋಎನ್‌ಸಿಕ್ಯೂ' ಹಾಕಿದೆ. ರೀಸೆಟ್ ಒಂದೂ ಬರಲಿಲ್ಲ, ಬೂಟ್ ಸಲೀಸಾಗಿ ಆಯಿತು. ಎರಡನ್ನೂ ಒಟ್ಟಿಗೆ ಹಾಕಿದ್ದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುತ್ತಲೇ ಇರಲಿಲ್ಲ.

ಕೇಬಲ್ ಕೆಟ್ಟಿದ್ದರೂ ಇದೇ ಥರ ಮೆಸೇಜ್ ಬರುತ್ತದೆ. ಅದಕ್ಕೇ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 199 ಎಂಬ ಸಂಖ್ಯೆ ಇರುವ ಸಾಲಿನ ಸಿಆರ್‌ಸಿ ಎಣಿಕೆ (ಕೇಬಲ್‌ನಲ್ಲಿ ಡೇಟಾ ಕೆಟ್ಟ ಸಲಗಳ ಲೆಕ್ಕ) ನೋಡಿದೆ, ಏರುತ್ತಿರಲಿಲ್ಲ. ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ. ಡಿಸ್ಕ್‌ನಲ್ಲಿ ಕೆಟ್ಟ ಜಾಗಗಳನ್ನು ಎಣಿಸುವ 5 ಮತ್ತು 197 ಸಂಖ್ಯೆಯ ಸಾಲುಗಳು ಏರುತ್ತಿದ್ದರೆ ಗ್ರಬ್ ಮರೆತು ಹೊಸ ಡಿಸ್ಕ್ ತನ್ನಿ.

ಇನ್ನು ಕಾಯಂ ಮಾಡೋದು. ಗ್ರಬ್ ಸೆಟ್ಟಿಂಗ್ ಫೈಲ್‌ನಲ್ಲಿ ಕಮಾಂಡ್‌ಲೈನ್‌ಗೆ ಎರಡು ಸಾಲುಗಳಿವೆ. ಜಾಸ್ತಿ ಜನ 'ಡಿಫಾಲ್ಟ್' ಎಂದು ಮುಗಿಯುವ ಸಾಲಿಗೆ ಸೇರಿಸುತ್ತಾರೆ. ಆದರೆ ಅದು ರಿಕವರಿ ಮೋಡ್‌ಗೆ (ತೊಂದರೆಯಾದಾಗ ರಿಪೇರಿಗೆ ಬಳಸುವ ಬೂಟ್‌ಗೆ) ಅನ್ವಯಿಸುವುದಿಲ್ಲ. ಕಷ್ಟಕಾಲದಲ್ಲೇ ಡಿಸ್ಕ್ ಕಾಣದಿದ್ದರೆ ಏನು ಪ್ರಯೋಜನ? ನಾನು 'ಡಿಫಾಲ್ಟ್' ಇಲ್ಲದ ಸಾಲಿಗೆ ಹಾಕಿ, ಬದಲಾವಣೆ ಜಾರಿಗೆ ತರುವ 'ಅಪ್‌ಡೇಟ್-ಗ್ರಬ್' ಕಮಾಂಡ್ ಓಡಿಸಿದೆ. ಈಗ ಡಿಸ್ಕ್‌ನ ಕ್ಯೂ ಡೆಪ್ತ್ 1 ಅಂತ ತೋರಿಸುತ್ತದೆ, ಅಂದರೆ ಒಂದು ಸಲಕ್ಕೆ ಒಂದೇ ಕಮಾಂಡ್. ವೇಗ ಸ್ವಲ್ಪ ಕಡಿಮೆಯಾಗಿರಬೇಕು, ಆದರೆ ಬ್ರೌಸರ್, ಟೈಪಿಂಗ್ ಕೆಲಸದಲ್ಲಿ ನನಗೆ ಗೊತ್ತೇ ಆಗುತ್ತಿಲ್ಲ.