ವಿಂಗ್ ಕೊಳ್ಳುವ ಮುಂಚೆ ಜಿಪ್ ತೆಗೆದು ಒಳಗೆ ನೋಡಿ

ಕಲಬುರಗಿಯಲ್ಲಿ ಕೂತು ಸ್ಕೂಬಾ ಸಾಮಾನಿನ ಬಗ್ಗೆ ಬರೆಯುತ್ತಾನೆ ಅಂತ ನಗಬೇಡಿ. ನಮ್ಮೂರಿಂದ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಒಮ್ಮೆ ಮುಳುಗಿ ಎದ್ದು, ಆಮೇಲೆ ಆ ಹುಚ್ಚು ಬಿಡದವರು ನಾಲ್ಕೈದು ಜನ ಇದ್ದೇವೆ. ಅದರಲ್ಲಿ ಮೂವರು ಸ್ವಂತ ವಿಂಗ್ ಕೊಂಡೆವು. ಮೂವರೂ ಎಡವಿದೆವು.

ವಿಂಗ್ ಅಂದರೆ ಬೆನ್ನಿನ ಪ್ಲೇಟಿಗೂ ಸಿಲಿಂಡರಿಗೂ ನಡುವೆ ಕೂರುವ ಗಾಳಿ ಚೀಲ. ಗಾಳಿ ತುಂಬಿದರೆ ಮೇಲೇಳುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಅಷ್ಟೇ ಕೆಲಸ. ಆದರೆ ಅದು ಹತ್ತು ವರ್ಷ ಬಾಳಬೇಕು ಅಂದರೆ ಕೊಳ್ಳುವಾಗಲೇ ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕು.

ಹಂತ 1: ಅಳತೆ

ದೊಡ್ಡದು ತಗೊಂಡರೆ ಒಳ್ಳೆಯದು ಅನ್ನುವುದು ಮೊದಲನೇ ತಪ್ಪು. ನಮಗೆ ಬೋಟಿನಲ್ಲಿ ಸಿಗುವುದು ಸುಮಾರು 11 ಲೀಟರಿನ ಒಂಟಿ ಅಲ್ಯುಮಿನಿಯಂ ಸಿಲಿಂಡರ್. ಅದರಲ್ಲಿ ತುಂಬಿದ ಗಾಳಿಯೇ ಎರಡೂವರೆ ಕೆಜಿ ಮೇಲೆ ತೂಗುತ್ತದೆ. ಆಳಕ್ಕೆ ಹೋದಾಗ ಮೈಗೆ ಹಾಕಿದ 3 ಎಂ.ಎಂ. ದಪ್ಪದ ಸೂಟು ಒತ್ತಿಕೊಂಡು ತೇಲುವ ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೆ ಇನ್ನೆರಡು ಮೂರು ಕೆಜಿ ಹಿಡಿಯಿರಿ. ಪ್ಲೇಟು, ಉಸಿರಾಡುವ ರೆಗ್ಯುಲೇಟರ್ ಎಲ್ಲ ಕೂಡಿಸಿದರೂ 30 ಪೌಂಡಿನ ವಿಂಗ್, ಅಂದರೆ 13.6 ಕೆಜಿ ಎತ್ತುವಂಥದ್ದು, ಧಾರಾಳ ಸಾಕು. ಜೋಡಿ ಸಿಲಿಂಡರಿಗೆ ಮಾಡಿದ 50 ಪೌಂಡಿನದ್ದನ್ನು ನಮ್ಮ ಗೆಳೆಯ ತಂದ. ನೀರಿನಲ್ಲಿ ಅದು ಸಿಲಿಂಡರಿನ ಎರಡೂ ಬದಿಗೆ ರೊಟ್ಟಿ ಮಡಚಿದ ಹಾಗೆ ಮಡಚಿಕೊಂಡಿತು. ಮಡಿಕೆಯಲ್ಲಿ ಸಿಕ್ಕಿದ ಗಾಳಿ ಬೇಕಾದಾಗ ಹೊರಗೆ ಬರಲೇ ಇಲ್ಲ.

ಹಂತ 2: ಆಕಾರ

ದುಂಡಗೆ ಸುತ್ತು ಬರುವ ಡೋನಟ್ ತಗೊಳ್ಳಿ. ಗಾಳಿ ಎಡದಿಂದ ಬಲಕ್ಕೆ ಸಲೀಸಾಗಿ ಓಡಾಡುತ್ತದೆ. ಮುಂದಕ್ಕೆ ಹೋಗೋಣ.

ಹಂತ 3: ಹೊರಗಿನ ಬಟ್ಟೆ

1000 ಡೆನಿಯರ್ ಅಂತ ಬರೆದಿರುತ್ತಾರೆ. 9 ಕಿ.ಮೀ. ಉದ್ದದ ನೂಲು 1000 ಗ್ರಾಂ ತೂಗಿದರೆ ಅದು 1000 ಡೆನಿಯರ್, ಅಂದರೆ ನೂಲು ದಪ್ಪ ಅಂತ ಅರ್ಥ. ಆ ದಪ್ಪದ ಕಾರ್ಡುರಾ ನೈಲಾನ್ ಇದ್ದರೆ ಬೋಟಿನ ಅಂಚಿಗೆ ಉಜ್ಜಿದರೂ ಚಿಂತೆಯಿಲ್ಲ. ಆದರೆ ಎಲ್ಲರೂ ಈ ಸಂಖ್ಯೆ ನೋಡಿ ದುಡ್ಡು ಕೊಡುತ್ತಾರೆ, ತಪ್ಪುವುದು ಇಲ್ಲೇ. ಗಾಳಿ ಹಿಡಿಯುವುದು ಹೊರಗಿನ ಬಟ್ಟೆ ಅಲ್ಲ, ಒಳಗಿನ ಇನ್ನೊಂದು ಚೀಲ, ಅಂದರೆ ಬ್ಲಾಡರ್.

ಹಂತ 4: ಜಿಪ್ ತೆಗೆಯಿರಿ

ಹೊರ ಚೀಲ ಬೇರೆ, ಬ್ಲಾಡರ್ ಬೇರೆ ಇರುವಂಥದ್ದನ್ನೇ ತಗೊಳ್ಳಿ. ಒಂದೇ ಪದರದ ಹಗುರ ವಿಂಗ್‌ಗಳೂ ಇವೆ, ವಿಮಾನದಲ್ಲಿ ಒಯ್ಯಲು ಚೆಂದ. ಅದಕ್ಕೆ ತೂತು ಬಿದ್ದರೆ ಇಡೀ ವಿಂಗಿಗೇ ಬಿದ್ದ ಹಾಗೆ. ನಾನಂತೂ ಕೊಳ್ಳಲ್ಲ. ಜಿಪ್ಪೇ ಇಲ್ಲದೆ ಪೂರ್ತಿ ಹೊಲಿದುಬಿಟ್ಟ ವಿಂಗನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ.

ಜಿಪ್ ತೆಗೆದು ಬ್ಲಾಡರನ್ನು ಮೆಲ್ಲಗೆ ಹೊರಗೆಳೆಯಿರಿ. ಅಂಚಿನ ಬೆಸುಗೆ ಸುತ್ತಲೂ ಒಂದೇ ಅಗಲ ಇರಬೇಕು. ಎಲ್ಲಾದರೂ ಸುಕ್ಕು ಬಿದ್ದು ಸಣ್ಣ ಕಾಲುವೆಯ ಥರ ಕಂಡರೆ ನಾಳೆ ಗಾಳಿ ಅಲ್ಲಿಂದಲೇ ಹೋಗುತ್ತದೆ. ಕೊಳವೆ ಕೂರುವ ಪ್ಲಾಸ್ಟಿಕ್ ಬಳೆಯ ಸುತ್ತ ಬೆರಳಾಡಿಸಿ. ಜಿಪ್ಪಿನ ಹಲ್ಲು ಬ್ಲಾಡರಿಗೆ ತಾಗದ ಹಾಗೆ ನಡುವೆ ಬಟ್ಟೆಯ ಪಟ್ಟಿ ಇದೆಯಾ ನೋಡಿ. ಇನ್ನೊಂದು ಮಾತು, ಬ್ಲಾಡರ್ ಹೊರ ಚೀಲಕ್ಕಿಂತ ತುಸು ದೊಡ್ಡದಿರಬೇಕು. ಆಗ ಒತ್ತಡ ಗಟ್ಟಿ ಬಟ್ಟೆಯ ಮೇಲೆ ಬೀಳುತ್ತದೆ, ಬೆಸುಗೆಯ ಮೇಲಲ್ಲ.

ಹಂತ 5: ಗಾಳಿ ತುಂಬಿ ಇಡಿ

ಜಾಸ್ತಿ ಜನ ಕೆಡಿಸುವುದು ಇದನ್ನೇ. ಬಾಯಿಂದ ಊದಿ ಬಿಗಿ ಮಾಡಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನೋಡುವುದು. ಸುಲಭ ಅಲ್ವಾ? ನಾನು ಏಪ್ರಿಲ್‌ನಲ್ಲಿ ಮಧ್ಯಾಹ್ನ ಊದಿ ವರಾಂಡದಲ್ಲಿ ಇಟ್ಟಿದ್ದೆ. ಬೆಳಿಗ್ಗೆ ಮೆತ್ತಗಾಗಿತ್ತು. ಸೋರುತ್ತಿದೆ ಅಂತ ಅಂಗಡಿಯವರ ಜೊತೆ ಫೋನಿನಲ್ಲಿ ಜಗಳವಾಡಿದೆ. ಸೋರಿರಲೇ ಇಲ್ಲ. 40 ಡಿಗ್ರಿಯಲ್ಲಿ ತುಂಬಿದ ಗಾಳಿ 28ಕ್ಕೆ ತಣಿದರೆ ಸುಮಾರು ನೂರಕ್ಕೆ 4ರಷ್ಟು ಕುಗ್ಗುತ್ತದೆ. ಬಿಸಿಲಿಗೆ ಇಟ್ಟರೆ ಇನ್ನೂ ಮೋಸ: ಒಳಗಿನ ಗಾಳಿ ಹಿಗ್ಗಿ, ಗಾಳಿ ಹೊರಬಿಡುವ ಡಂಪ್ ವಾಲ್ವಿನಿಂದ ತಾನೇ ಹೊರಗೆ ಹೋಗುತ್ತದೆ, ರಾತ್ರಿ ಸಪ್ಪಗೆ ಬೀಳುತ್ತದೆ. ಅದಕ್ಕೆ ಬೆಳಿಗ್ಗೆ ಆರಕ್ಕೆ ಊದಿ, ನೆರಳಲ್ಲಿಟ್ಟು, ಮರುದಿನ ಆರಕ್ಕೇ ನೋಡಿ.

ಆಗಲೂ ಮೆತ್ತಗಿದ್ದರೆ ನೀರಿನಲ್ಲಿ ಅದ್ದಬೇಕು. ನಮ್ಮ ಮನೆಯ ಬಕೆಟ್ಟಿಗೆ ಹಿಡಿಸಲಿಲ್ಲ ಅಂತ ನಾನು ಗೆಳೆಯನ ವಿಂಗನ್ನು ಪಂಕ್ಚರ್ ಅಂಗಡಿಗೆ ಒಯ್ದೆ. "ಇದು ಯಾವ ಗಾಡಿದು ಟ್ಯೂಬ್ ಅದ್ರೀ ಸರ್?" ಅಂದರು ಅಂಗಡಿಯವರು. ಆಮೇಲೆ ತಮ್ಮ ಕಪ್ಪು ನೀರಿನ ತೊಟ್ಟಿಯಲ್ಲಿ ಒಂದೊಂದೇ ಗೇಣು ಒತ್ತಿ ಒತ್ತಿ ತಿರುಗಿಸಿದರು. ಬೆಸುಗೆಯಿಂದ ಏನೂ ಬರಲಿಲ್ಲ. ಕೆಳಗಿನ ಡಂಪ್ ವಾಲ್ವಿನ ಅಂಚಿನಿಂದ ಸಾಸಿವೆ ಗಾತ್ರದ ಗುಳ್ಳೆ, ನಾಲ್ಕೈದು ಸೆಕೆಂಡಿಗೊಂದು. ವಾಲ್ವು ಬಿಚ್ಚಿದರೆ ರಬ್ಬರಿನ ಕೆಳಗೆ ಒಂದೇ ಒಂದು ಮರಳಿನ ಕಾಳು. ತೊಳೆದು, ಕೈಯಿಂದಷ್ಟೇ ತಿರುಗಿಸಿ ಕೂರಿಸಿದೆವು. ಇಲ್ಲಿ ಪಾನಾ ಹಾಕಬೇಡಿ, ಪ್ಲಾಸ್ಟಿಕ್ಕಿನ ಮರೆ ಹೋದರೆ ಹೋಯಿತು. ಕಂಪ್ರೆಸರಿನ ಪೈಪಂತೂ ಹತ್ತಿರ ತರಲೇಬೇಡಿ. ಅವರು ಪ್ರೀತಿಯಿಂದಲೇ ಕೇಳುತ್ತಾರೆ, ನೀವು ಬೇಡ ಅನ್ನಿ.

ಕೊನೆಗೆ ಪ್ಲೇಟು, ಸಿಲಿಂಡರ್ ಕಟ್ಟಿ ಒಮ್ಮೆ ಊದಿ ನೋಡಿ. ಎರಡರ ನಡುವೆ ಬ್ಲಾಡರ್ ಚಿವುಟಿಕೊಂಡಿದ್ದರೆ ಎಷ್ಟೇ ದುಬಾರಿಯದ್ದಾದರೂ ಅಲ್ಲೇ ತೂತು ಬೀಳುತ್ತದೆ.

ಹಂತ 6: ಇಡುವುದು

ನಮ್ಮ ವಿಂಗ್ ವರ್ಷಕ್ಕೆ ನಾಲ್ಕು ದಿನ ಸಮುದ್ರದಲ್ಲಿ, ಉಳಿದ ದಿನ ಕಲಬುರಗಿಯಲ್ಲಿ. ಅದು ಹಾಳಾಗುವುದೂ ಇಲ್ಲೇ. ಮೂರನೆಯ ಗೆಳೆಯ ಒದ್ದೆ ವಿಂಗನ್ನು ಮಡಚಿ ತಗಡಿನ ಕೋಣೆಯ ಅಟ್ಟದ ಮೇಲೆ ಎಸೆದಿದ್ದ. ಬೇಸಿಗೆ ಮುಗಿಯುವಷ್ಟರಲ್ಲಿ ಒಳಗಿನ ಲೇಪ ಅಂಟಂಟಾಗಿ ಪದರ ಪದರ ಕಿತ್ತು ಬಂತು.

ಉಪ್ಪು ನೀರು ಒಳಗೂ ಹೋಗಿರುತ್ತದೆ, ಒಣಗಿದರೆ ಹರಳಾಗಿ ಬ್ಲಾಡರನ್ನು ಉಜ್ಜುತ್ತದೆ. ಊದುವ ಬಾಯಿಯಿಂದ ಒಂದು ಲೀಟರು ಸಿಹಿನೀರು ಬಿಟ್ಟು, ಅಲುಗಾಡಿಸಿ, ಚೆಲ್ಲಿ. ಎರಡು ಮೂರು ಸಲ. ಬೋರಿನ ಗಡಸು ನೀರಿನಿಂದ ವಾಲ್ವಿನಲ್ಲಿ ಬಿಳಿ ಸುಣ್ಣ ಕೂರುತ್ತದೆ, ಕೊನೆಯ ಸಲಕ್ಕೆ ಫಿಲ್ಟರ್ ನೀರು ಹಾಕಿ. ನೀರೆಲ್ಲ ಬಸಿದ ಮೇಲೆ ಅರ್ಧ ಗಾಳಿ ತುಂಬಿ ತಂಪಾದ ಕೋಣೆಯಲ್ಲಿ ತೂಗು ಹಾಕಿ. ನಮ್ಮಲ್ಲಿ ಅದು ಬಾಗಿಲ ಹಿಂದಿನ ಗೂಟಕ್ಕಿದೆ. ನೆಂಟರು ಬಂದರೆ ಅವ್ವ ಅದರ ಮೇಲೆ ಟವೆಲ್ ಹೊದಿಸುತ್ತಾಳೆ.

ಹೊರ ಚೀಲ ಹರಿದರೆ ರೆಕ್ಸಿನ್ ಬ್ಯಾಗು ಹೊಲಿಯುವವರ ಹತ್ತಿರ ಕೊಡಬಹುದು, ಬ್ಲಾಡರ್ ತೆಗೆದು ಮನೆಯಲ್ಲಿಟ್ಟು ಹೋಗಿ. ಬ್ಲಾಡರೂ ವಾಲ್ವೂ ಮಾತ್ರ ಇಲ್ಲಿ ಸಿಗಲ್ಲ. ಹೀಗಾಗಿ ಬಿಲ್ ಮಾಡಿಸುವ ಮುಂಚೆಯೇ ಬಿಡಿ ಬ್ಲಾಡರಿಗೆ ಎಷ್ಟು ಅಂತ ಕೇಳಿ. ಬಿಡಿಯಾಗಿ ಮಾರಲ್ಲ ಅಂದರೆ ಬೇರೆ ವಿಂಗ್ ತೋರಿಸಿ ಅನ್ನಿ.