ಕ್ರ್ಯಾಕ್ ಇಲ್ಲದೆ ಅಲ್ಯೂಮಿನಿಯಂ ಕಡಿದದ್ದು: ನನ್ನ ಅನುಭವ

ಟೆಲಿಸ್ಕೋಪ್ ಮೌಂಟ್‌ನ ಎರಡೂ ಬೇರಿಂಗ್ ಹೌಸಿಂಗ್ ಮುಗಿದಿವೆ. ಬೇರಿಂಗ್ ಕೈಯಲ್ಲಿ ಒತ್ತಿದರೆ ಹೋಗಿ ಕೂರುತ್ತದೆ, ಅಲ್ಲಾಡುವುದಿಲ್ಲ. ಡಿಗ್ರಿ ಗೆರೆಗಳನ್ನು ಕೊರೆದ ರಿಂಗ್ ಕೂಡ ಆಯಿತು. ಇಷ್ಟಕ್ಕೂ ಕ್ರ್ಯಾಕ್, ಅಂದರೆ ಬೀಗ ಮುರಿದು ಕದ್ದ ಸಾಫ್ಟ್‌ವೇರ್, ಒಂದನ್ನೂ ಮುಟ್ಟಿಲ್ಲ. "ಫ್ರೀ ಸಾಫ್ಟ್‌ವೇರ್‌ನಲ್ಲಿ ಮೆಟಲ್ ಕೆಲಸ ಆಗಲ್ಲ, ಸುಮ್ನೆ ಪೆನ್‌ಡ್ರೈವ್ ತಗೊಂಡು ಹೋಗು" ಅಂದ ಪೀಣ್ಯದ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ಪೆನ್‌ಡ್ರೈವ್ ಗೊತ್ತಲ್ವಾ? ಲಕ್ಷಗಟ್ಟಲೆ ಬೆಲೆಯ ಕ್ಯಾಮ್ ಪ್ಯಾಕೇಜಿನ (ಡ್ರಾಯಿಂಗ್ ನೋಡಿ ಮೆಷಿನ್‌ಗೆ ಕಡಿಯುವ ದಾರಿ ಬರೆದುಕೊಡುವ ಸಾಫ್ಟ್‌ವೇರ್) ಕದ್ದ ಪ್ರತಿ, ಐದು ಆಕ್ಸಿಸ್ ಸಮೇತ. 2020ರಲ್ಲಿ ಫ್ಯೂಷನ್ 360 ಅನ್ನುವ ಡಿಸೈನ್-ಕ್ಯಾಮ್ ಸಾಫ್ಟ್‌ವೇರ್‌ನ ಪುಕ್ಕಟೆ ವೈಯಕ್ತಿಕ ಲೈಸೆನ್ಸ್‌ನಿಂದ ರ‍್ಯಾಪಿಡ್ ಮೂವ್ (ಕಡಿಯದಿರುವಾಗ ಟೂಲ್ ವೇಗವಾಗಿ ಸರಿಯುವುದು), ತಾನಾಗಿ ಆಗುವ ಟೂಲ್ ಚೇಂಜ್ ಎಲ್ಲ ತೆಗೆದರಲ್ಲ, ಆಗ ನನ್ನ ಪರಿಚಯದ ಕೆಲವರು ನೇರ ಆ ಪೆನ್‌ಡ್ರೈವ್‌ಗೆ ಹೋದರು. ಕಂಪನಿ ಅವನ್ನು ತೆಗೆದದ್ದಕ್ಕೆ ನನಗೆ ದೂರು ಇಲ್ಲ. ಅವರ ಸರಕು, ಅವರ ಷರತ್ತು.

ಗೆಳೆಯರ ವಾದ ಒಂದೇ: "ನಾವು ಹೇಗೂ ಲಕ್ಷ ಕೊಟ್ಟು ಕೊಳ್ಳುವವರಲ್ಲ. ಅವರಿಗೆ ಏನು ನಷ್ಟ?" ಆ ದೊಡ್ಡ ಕಂಪನಿಯ ಮಟ್ಟಿಗೆ ಇದು ಬಹುಶಃ ನಿಜ. ಆದರೆ ನಷ್ಟ ಬೀಳುವುದು ಬೇರೆಯವರ ಮೇಲೆ. ಎಸ್ಟ್ಲ್‌ಕ್ಯಾಮ್ ಅನ್ನುವ ಸಣ್ಣ ಕ್ಯಾಮ್ ಪ್ರೋಗ್ರಾಂ ನೋಡಿ. ಜರ್ಮನಿಯಲ್ಲಿ ಒಬ್ಬರೇ ಕೂತು ಬರೆಯುವ ಸಾಫ್ಟ್‌ವೇರ್, ಸುಮಾರು 60 ಯೂರೋ. ದುಡ್ಡು ಕೊಡದಿದ್ದರೂ ಎಲ್ಲ ಕೆಲಸ ಮಾಡುತ್ತದೆ, ಫೈಲ್ ಸೇವ್ ಮಾಡುವಾಗ ಸ್ವಲ್ಪ ಕಾಯಿಸುತ್ತದೆ ಅಷ್ಟೇ. ಹತ್ತು ಲಕ್ಷದ್ದು ಪುಕ್ಕಟೆ ಸಿಕ್ಕರೆ ಈ ಮನುಷ್ಯನಿಗೆ ಐದಾರು ಸಾವಿರ ಯಾರು ಕೊಡುತ್ತಾರೆ? ಪುಕ್ಕಟೆ ಡಿಸೈನ್ ಸಾಫ್ಟ್‌ವೇರ್ ಆದ ಫ್ರೀಕ್ಯಾಡ್‌ಗೆ ಬಗ್ ರಿಪೋರ್ಟ್ ಯಾರು ಬರೆಯುತ್ತಾರೆ? ನಮ್ಮಂಥ ಬಳಕೆದಾರರೇ ಅವರ ಬಂಡವಾಳ. ನಾವೇ ಕ್ರ್ಯಾಕ್ ಕಡೆ ಹೋದರೆ ಅವು ಬೆಳೆಯುವುದೇ ಇಲ್ಲ.

ಕಾನೂನು ಎರಡು ಮಾತಲ್ಲಿ ಹೇಳುತ್ತೇನೆ. ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ, ಗೊತ್ತಿದ್ದೂ ಕದ್ದ ಪ್ರೋಗ್ರಾಂ ಬಳಸಿದರೆ ಕನಿಷ್ಠ ಏಳು ದಿನ ಜೈಲು. ಲಾಭಕ್ಕೆ ಬಳಸದಿದ್ದರೆ ಜೈಲು ಬಿಟ್ಟು 50,000 ರೂಪಾಯಿವರೆಗೆ ದಂಡ ಮಾತ್ರ ಹಾಕಲು ಕೋರ್ಟಿಗೆ ಅವಕಾಶ ಇದೆ. ಹವ್ಯಾಸ ಅಂದ ಮಾತ್ರಕ್ಕೆ ಮಾಫಿ ಇಲ್ಲ. ಇನ್ನು ಹವ್ಯಾಸ ಎಷ್ಟು ದಿನ ಹವ್ಯಾಸ? ಯಾರೋ ಬಂದು "ಐವತ್ತು ಬ್ರಾಕೆಟ್ ಮಾಡಿಕೊಡು" ಅನ್ನುತ್ತಾರೆ, ದುಡ್ಡು ತಗೊಳ್ಳುತ್ತೇವೆ. ಅಲ್ಲಿಗೆ ಅದು ವ್ಯಾಪಾರ.

ಈಗ ಕೆಲಸಕ್ಕೆ ಬರೋಣ. ನನ್ನದು ಎಕ್ಸ್2 ಮಾದರಿಯ ಚಿಕ್ಕ ಮಿಲ್ಲಿಂಗ್ ಮೆಷಿನ್, ಕಂಪ್ಯೂಟರ್ ನಡೆಸುವ ಹಾಗೆ ಸ್ಟೆಪ್ಪರ್ ಮೋಟರ್ ಹಾಕಿಸಿದ್ದು. ಮೆಷಿನ್ ನಡೆಸುವ ಪುಕ್ಕಟೆ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿಗೆ ಆಫೀಸೊಂದು ಗುಜರಿಗೆ ಹಾಕಿದ ಪಿಸಿ, ಎರಡೂವರೆ ಸಾವಿರ ಇರಬೇಕು. ಮೊದಲು ಲೇಟೆನ್ಸಿ (ಪಿಸಿ ಸಿಗ್ನಲ್ ಕೊಡುವಲ್ಲಿನ ತಡ) ವಿಪರೀತ ಇತ್ತು, ಸ್ಟೆಪ್ ತಪ್ಪುತ್ತಿತ್ತು. ಬಯಾಸ್‌ನಲ್ಲಿ ಹೈಪರ್‌ಥ್ರೆಡಿಂಗ್ ಆಫ್ ಮಾಡಿ, ಪ್ರೊಸೆಸರ್‌ನ ಒಂದು ಕೋರನ್ನು ಈ ಕೆಲಸಕ್ಕೇ ಬೇರೆ ಮಾಡಿಟ್ಟೆ. 20 ಮೈಕ್ರೋಸೆಕೆಂಡ್ ಆಸುಪಾಸಿಗೆ ಬಂತು.

ನಿಜವಾದ ಕಾಟ ಕೊಟ್ಟಿದ್ದು ಫ್ರೀಕ್ಯಾಡ್‌ನ ಹಳೇ ಆವೃತ್ತಿ. ಸ್ಕೆಚ್‌ನಲ್ಲಿ ಒಂದು ತೂತು ಸರಿಸಿದರೆ ಸಾಕು, ಫೇಸ್‌ಗಳ (ಮಾಡೆಲ್‌ನ ಮೈಗಳ) ನಂಬರ್ ಬದಲಾಗಿ ಪಾಕೆಟ್ (ಕೊರೆಯಬೇಕಾದ ಗುಳಿ) ಬೇರೆ ಫೇಸ್‌ಗೆ ಹೋಗಿ ಕೂರುತ್ತಿತ್ತು. ಹೀಗೆ ಎರಡೋ ಮೂರೋ 6061 ಅಲ್ಯೂಮಿನಿಯಂ ಬ್ಲಾಕ್ ಹಾಳಾದವು. 6 ಎಂಎಂ ಕಾರ್ಬೈಡ್ ಎಂಡ್‌ಮಿಲ್ (ಕಡಿಯುವ ಟೂಲ್) ಎಷ್ಟು ಮುರಿದವು ಅಂತ ಲೆಕ್ಕ ಇಟ್ಟಿಲ್ಲ, ನಾಲ್ಕೈದು ಸಾವಿರದ ಮಾಲು ಖಂಡಿತ ಹೋಯಿತು. "ನೋಡಿದೆಯಾ?" ಅಂದರು ಗೆಳೆಯರು. ಕೊನೆಗೆ ಪ್ರತಿ ಸ್ಕೆಚ್ಚನ್ನೂ ಫೇಸ್ ಬಿಟ್ಟು ಡೇಟಮ್ ಪ್ಲೇನ್ (ಅಲುಗದ ಆಧಾರ ಸಮತಲ) ಮೇಲೆ ಕೂರಿಸಿದೆ, ಆಮೇಲೆ ಈ ತೊಂದರೆ ತುಂಬಾ ಕಡಿಮೆಯಾಯಿತು. 2024ರ ನವೆಂಬರ್‌ನಲ್ಲಿ 1.0 ಬಂದ ಮೇಲಂತೂ ಹೆಚ್ಚುಕಮ್ಮಿ ಹೋಗಿಯೇಬಿಟ್ಟಿತು.

ಕಡಿದದ್ದು ಅಡಾಪ್ಟಿವ್‌ನಲ್ಲಿ, ಅಂದರೆ ಟೂಲ್ ಮೇಲೆ ಒಂದೇ ಸಮ ಭಾರ ಬೀಳುವ ಹಾಗೆ: ಸ್ಟೆಪ್‌ಓವರ್ (ಪ್ರತಿ ಸುತ್ತಿಗೆ ಪಕ್ಕಕ್ಕೆ ಸರಿಯುವುದು) ಟೂಲ್ ವ್ಯಾಸದ 15 ಪರ್ಸೆಂಟ್, ಆಳ 8 ಎಂಎಂ, 2,500 ಆರ್‌ಪಿಎಂ, ಫೀಡ್ ನಿಮಿಷಕ್ಕೆ 150 ಎಂಎಂ ಹತ್ತಿರ. ಹೌಸಿಂಗ್ ಒಂದಕ್ಕೆ ಎರಡು ಗಂಟೆ ಚಿಲ್ಲರೆ. ಕಾರ್ಖಾನೆ ಮೆಷಿನ್‌ಗೆ ಇದು ನಿಧಾನ, ನನ್ನ ಸ್ಪಿಂಡಲ್‌ಗೆ ಇದೇ ಮಿತಿ. ಕ್ರ್ಯಾಕ್ ಹಾಕಿದ್ದರೂ ಸ್ಪಿಂಡಲ್ ಇದೇ ತಾನೆ? ಹೆಲಿಕ್ಸ್ ಎಂಟ್ರಿಗೆ (ಟೂಲ್ ಸುರುಳಿಯಾಗಿ ಲೋಹಕ್ಕೆ ಇಳಿಯುವುದು) ನನ್ನದೇ ಒಂದು ಲೆಕ್ಕ ಇದೆ, ದಾರಿಯನ್ನು ಮೆಷಿನ್ ಭಾಷೆಗೆ ತಿರುಗಿಸುವ ಪೋಸ್ಟ್ ಪ್ರೊಸೆಸರ್‌ನಲ್ಲಿ ಸೇರಿಸಿದ್ದೇನೆ. ಅದು ಸದ್ಯ ನನ್ನ ಹತ್ತಿರವೇ ಇರಲಿ.

ನಾಲ್ಕನೇ ಆಕ್ಸಿಸ್ (ತುಂಡನ್ನು ತಿರುಗಿಸುವುದು) ಬೇಕು ಅಂದರೆ ಕ್ರ್ಯಾಕೇ ಗತಿ ಅನ್ನುವವರು ನನ್ನ ಡಿಗ್ರಿ ರಿಂಗ್ ನೋಡಬೇಕು. 150 ಎಂಎಂ ವ್ಯಾಸ, 360 ಗೆರೆ, ಗೆರೆಯಿಂದ ಗೆರೆಗೆ 1.3 ಎಂಎಂ. ಐದಕ್ಕೊಂದು ಉದ್ದ, ಹತ್ತಕ್ಕೊಂದು ಇನ್ನೂ ಉದ್ದ. ಕ್ಯಾಮ್ ಬೇಕೇ ಆಗಲಿಲ್ಲ. ಲಿನಕ್ಸ್‌ಸಿಎನ್‌ಸಿಯ ಓ-ವರ್ಡ್ ಲೂಪ್‌ನಲ್ಲಿ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶ) ಕೈಯಲ್ಲೇ ಬರೆದೆ, ಸುಮಾರು 25 ಸಾಲು. 72ಕ್ಕೆ 1ರ ರೋಟರಿ ಟೇಬಲ್ (ತುಂಡನ್ನು ತಿರುಗಿಸುವ ಮೇಜು), ಒಂದೇ ದಿಕ್ಕಿಗೆ ತಿರುಗಿಸಿದ್ದರಿಂದ ಬ್ಯಾಕ್‌ಲ್ಯಾಶ್ (ಗೇರಿನ ಸಡಿಲ) ಕಾಡಲಿಲ್ಲ. 360ನೇ ಗೆರೆ ಕಣ್ಣಿಗೆ ಕಾಣುವ ತಪ್ಪಿಲ್ಲದೆ ಸೊನ್ನೆಯನ್ನು ಸೇರಿತು. ಪೀಣ್ಯದಲ್ಲಿ ಭೂತಗನ್ನಡಿ ಹಿಡಿದು ನೋಡಿದವರೂ ಒಪ್ಪಿದರು.

ಒಟ್ಟು ಸಾಫ್ಟ್‌ವೇರ್ ಖರ್ಚು ಹತ್ತು ಸಾವಿರ ಆಗಿರಬಹುದು: 2ಡಿ ಕೆಲಸಕ್ಕೆ ಎಸ್ಟ್ಲ್‌ಕ್ಯಾಮ್ ಕೀ, ಉಳಿದದ್ದು ಫ್ರೀಕ್ಯಾಡ್‌ಗೆ ದೇಣಿಗೆ. ಇನ್ನು ಬಾಕಿ ಇರುವುದು ಮೌಂಟನ್ನು ತಿರುಗಿಸುವ ಹಲ್ಲಿನ ಚಕ್ರ, ವರ್ಮ್ ವೀಲ್. ಟ್ಯಾಪನ್ನೇ (ಮರೆ ಕೊರೆಯುವ ಟೂಲ್) ಹಾಬ್ (ಹಲ್ಲು ಕಡಿಯುವ ಕಟರ್) ಮಾಡಿಕೊಂಡು ಹಿತ್ತಾಳೆ ತುಂಡಿನಲ್ಲಿ ಒಮ್ಮೆ ನೋಡಿದೆ, ಹಲ್ಲುಗಳ ಲೆಕ್ಕ ಒಂದು ಜಾಸ್ತಿ ಬಂತು. ಬ್ಲಾಂಕ್‌ನ (ಹಲ್ಲು ಹಾಕುವ ಮುಂಚಿನ ತುಂಡು) ವ್ಯಾಸ ಇಳಿಸಿ ಮತ್ತೆ ಹಾಕಬೇಕು. ರಿಂಗ್ ಪ್ರೋಗ್ರಾಂ ಬೇಕಾದವರು ಕೇಳಿ, ಕೊಡುತ್ತೇನೆ.