ಕಿಟಕಿ ಗಾಜು ತೊಳೆಯುವ ಕೆಲಸಕ್ಕೆ ಎಂಥ ನೀರಿನ ಯಂತ್ರ ಬೇಕು?

ಮೈಸೂರಿನ ಬೋಗಾದಿ ರಸ್ತೆಯ ಮೂರಂತಸ್ತಿನ ಮಳಿಗೆಯೊಂದರ ಗಾಜನ್ನು ಬೆಳಿಗ್ಗೆ ಎಂಟರೊಳಗೆ ತೊಳೆದು ಮುಗಿಸಿದ್ದರು. ಬಿಸಿಲೇರಿದ ಮೇಲೆ ಹೋಗಿ ನೋಡಿದರೆ ಗಾಜಿನ ತುಂಬ ಬಿಳಿ ಬಳೆಗಳು. ಹನಿ ಆರಿದ ಜಾಗದಲ್ಲೆಲ್ಲ ಅಂಚು ದಪ್ಪ, ನಡುವೆ ತೆಳು. ಉಗುರಿನಿಂದ ಕೆರೆದರೆ ರಂಗೋಲಿ ಪುಡಿಯಂತೆ ಉದುರುತ್ತಿತ್ತು. ‘ಹೊಸಾ ಫಿಲ್ಟರ್ ಹಾಕ್ಸಿದೀನಿ ಕಣಣ್ಣ, ಕುಡಿಯೋಕೂ ಇದೇ ನೀರು’ ಅಂದ ಕೆಲಸದ ಹುಡುಗ. ಅವನು ಹೇಳಿದ್ದು ನಿಜವೇ. ಎಡವಿದ್ದೂ ಅಲ್ಲೇ. ಕುಡಿಯಲು ಚೆನ್ನಾದ ನೀರು ಗಾಜಿಗೆ ಆಗಿಬರುವುದಿಲ್ಲ.

ಉದ್ದ ಪೋಲಿನ ತುದಿಯಲ್ಲಿ ಬ್ರಷ್ ಕಟ್ಟಿ, ನೀರು ಹರಿಸುತ್ತಾ ಉಜ್ಜಿ, ಒರೆಸದೆ ಹಾಗೇ ಆರಲು ಬಿಡುವ ಕೆಲಸ ನಮ್ಮದು. ನೀರು ಆವಿಯಾದ ಮೇಲೆ ಅದರಲ್ಲಿ ಕರಗಿದ್ದ ಸುಣ್ಣ, ಮೆಗ್ನೀಷಿಯಂ, ಉಪ್ಪು, ಸಿಲಿಕಾ ಎಲ್ಲವೂ ಗಾಜಿನ ಮೇಲೇ ಉಳಿಯುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವ ಟಿಡಿಎಸ್, ಅಂದರೆ ಕರಗಿದ ಲವಣಾಂಶ, ಲೀಟರಿಗೆ 500 ಮಿಲಿಗ್ರಾಂ. ಗಾಜಿಗೆ ಅದು 10ರ ಒಳಗಿರಬೇಕು. ನಾನು ಸೊನ್ನೆಗಿಂತ ಮೇಲೆ ಹೋಗಲು ಬಿಡುವುದಿಲ್ಲ.

ಮೊದಲು ನೀರನ್ನು ಅಳೆಯಿರಿ

ಅಂಗಡಿಗೆ ಕಾಲಿಡುವ ಮುಂಚೆ ಪೆನ್ನಿನಂಥ ಟಿಡಿಎಸ್ ಮೀಟರ್ ಒಂದನ್ನು ತರಿಸಿಕೊಳ್ಳಿ. ಕೆಲವೇ ನೂರು ರೂಪಾಯಿ. ಲೋಟವನ್ನು ಅಳೆಯಬೇಕಾದ ನೀರಿನಲ್ಲೇ ಎರಡು ಸಲ ಗಲಬರಿಸಿ, ಮೀಟರ್ ಅದ್ದಿ, ಗುಳ್ಳೆ ಹೋಗುವಂತೆ ಒಮ್ಮೆ ಅಲುಗಿಸಿ, ಅಂಕಿ ನಿಲ್ಲುವವರೆಗೆ ಕಾಯಿರಿ.

ಎಲ್ಲಿಂದ, ಯಾವಾಗ ಅಳೆಯುತ್ತೀರಿ ಅನ್ನುವುದು ಮುಖ್ಯ. ಮೈಸೂರಿನಲ್ಲಿ ಕಾವೇರಿ ಅಥವಾ ಕಬಿನಿಯ ನಲ್ಲಿ ನೀರು ಒಂದು ತರಹ, ಕೊಳವೆಬಾವಿ ನೀರು ಇನ್ನೊಂದು ತರಹ. ಎಷ್ಟೋ ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಎರಡೂ ಬೆರೆತಿರುತ್ತವೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರೂ ಸೇರುತ್ತದೆ. ನವೆಂಬರಿನಲ್ಲಿ ಅಳೆದು ಯಂತ್ರ ಕೊಂಡವರು ಏಪ್ರಿಲ್‌ನಲ್ಲಿ ಪರದಾಡುತ್ತಾರೆ. ನಿಮಗೆ ಸಿಗುವ ಕೆಟ್ಟ ನೀರಿನ ಅಂಕಿಯನ್ನೇ ಬರೆದಿಟ್ಟುಕೊಳ್ಳಿ.

ದಿನಕ್ಕೆ ಎಷ್ಟು ಲೀಟರ್?

ಒಂದು ಪೋಲಿಗೆ ನಿಮಿಷಕ್ಕೆ ಒಂದೂವರೆಯಿಂದ ಎರಡು ಲೀಟರ್. ಜಾಗ ಬದಲಿಸುವ, ಏಣಿ ಎತ್ತಿಡುವ ಹೊತ್ತು ಕಳೆದರೆ ದಿನಕ್ಕೆ ಸುಮಾರು 500 ಲೀಟರ್ ಅಂತ ಇಟ್ಟುಕೊಳ್ಳಿ.

ಯಂತ್ರದ ಆಯ್ಕೆ

ಮುಕ್ಕಾಲು ಪಾಲು ಜನ ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಓದಿ.

ಅಂಗಡಿಯಲ್ಲಿ ನಿಮ್ಮ ಮುಂದೆ ಮೂರು ವಸ್ತು ಇಡುತ್ತಾರೆ: ಸಾಫ್ಟ್‌ನರ್, ಆರ್‌ಒ, ಡಿಐ ರೆಸಿನ್. ‘ಗಡಸು ನೀರನ್ನ ಮೆದು ಮಾಡುತ್ತೆ ಸಾರ್, ಕಲೆ ಬರಲ್ಲ’ ಅಂತ ಸಾಫ್ಟ್‌ನರ್ ಮಾರುವವರನ್ನು ನಂಬಬೇಡಿ. ಸಾಫ್ಟ್‌ನರ್ ಸುಣ್ಣ, ಮೆಗ್ನೀಷಿಯಂ ಹಿಡಿದುಕೊಂಡು ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಬಟ್ಟೆ ಒಗೆಯಲು, ಗೀಸರಿಗೆ ಒಳ್ಳೆಯದು. ಟಿಡಿಎಸ್ ಮಾತ್ರ ಹಾಗೇ ಇರುತ್ತದೆ. 600 ಒಳಗೆ ಹೋದರೆ ಹೆಚ್ಚುಕಡಿಮೆ 600 ಹೊರಗೆ ಬರುತ್ತದೆ. ಚುಕ್ಕೆ ಸುಲಭವಾಗಿ ಒರೆಸಿಹೋಗುತ್ತದೆ, ಆದರೆ ನಲವತ್ತು ಅಡಿ ಮೇಲೆ ಹತ್ತಿ ಒರೆಸುವವರು ಯಾರು?

ಮನೆಯ ಕುಡಿಯುವ ನೀರಿನ ಆರ್‌ಒ ಕೂಡ ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವುದು 80 ಜಿಪಿಡಿ ಮೆಂಬ್ರೇನ್, ಅಂದರೆ ಲವಣವನ್ನು ತಡೆದು ನೀರನ್ನು ಹಾಯಿಸುವ ಪೊರೆ. ದಿನಕ್ಕೆ 80 ಗ್ಯಾಲನ್ ಅಂದರೆ ಗಂಟೆಗೆ 12 ಲೀಟರ್ ಚಿಲ್ಲರೆ. 500 ಲೀಟರ್ ತುಂಬಲು ನಲವತ್ತು ಗಂಟೆ. ಸಾಲದ್ದಕ್ಕೆ ಅನೇಕ ಮಾದರಿಗಳಲ್ಲಿ ರುಚಿಗೆಂದು ‘ಮಿನರಲ್’ ಕಾರ್ಟ್ರಿಜ್ ಅಥವಾ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಶುದ್ಧವಾದ ನೀರಿಗೆ ಮತ್ತೆ ಲವಣ ಸೇರಿಸುವುದೇ ಅದರ ಕೆಲಸ. ಬೋಗಾದಿ ಹುಡುಗನ ಯಂತ್ರದಲ್ಲಿ ಇದ್ದದ್ದು ಇದೇ. ಯುವಿ ದೀಪಕ್ಕಂತೂ ದುಡ್ಡು ಕೊಡಲೇಬೇಡಿ. ಅದು ಕ್ರಿಮಿ ಕೊಲ್ಲುತ್ತದೆ, ಉಪ್ಪನ್ನು ಮುಟ್ಟುವುದಿಲ್ಲ.

ಉಳಿದದ್ದು ಎರಡು ದಾರಿ: ಬರೀ ಡಿಐ, ಇಲ್ಲವೇ ಆರ್‌ಒ ಆದ ಮೇಲೆ ಡಿಐ. ಡಿಐ ಅಂದರೆ ಸಾಸಿವೆಗಿಂತ ಸಣ್ಣ ಮಣಿಗಳು ತುಂಬಿದ ಸಿಲಿಂಡರ್. ಎರಡು ಜಾತಿಯ ಮಣಿ ಬೆರೆಸಿರುವುದರಿಂದ ‘ಮಿಕ್ಸೆಡ್ ಬೆಡ್’ ಅನ್ನುತ್ತಾರೆ. ನೀರಿನಲ್ಲಿರುವ ಲವಣವನ್ನು ಎಳೆದುಕೊಂಡು ಸೊನ್ನೆಗೆ ಇಳಿಸುತ್ತದೆ. ಕರೆಂಟು ಬೇಡ, ನೀರು ಪೋಲಾಗುವುದಿಲ್ಲ. ನೋಡಿದವರಿಗೆಲ್ಲ ಆಸೆ ಹುಟ್ಟುವುದು ಇದರ ಮೇಲೆಯೇ. ಆದರೆ ಮಣಿಗೂ ಹೊಟ್ಟೆ ಇದೆ. ಒಂದು ಲೀಟರ್ ರೆಸಿನ್ ಸುಮಾರು 25 ಗ್ರಾಂ ಲವಣ ಹಿಡಿದರೆ ಅದರ ಕಥೆ ಮುಗಿಯಿತು.

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. 600 ಟಿಡಿಎಸ್‌ನ ಬೋರ್ ನೀರು 500 ಲೀಟರ್ ಅಂದರೆ ಅದರಲ್ಲಿ 300 ಗ್ರಾಂ ಲವಣ. ಅದನ್ನು ಹಿಡಿಯಲು 12 ಲೀಟರ್ ರೆಸಿನ್ ಬೇಕು, ಒಂದೇ ದಿನಕ್ಕೆ! ಅದೇ ನೀರನ್ನು ಮೊದಲು ಆರ್‌ಒಗೆ ಕೊಟ್ಟರೆ ಚೆನ್ನಾಗಿರುವ ಮೆಂಬ್ರೇನ್ ನೂರಕ್ಕೆ 95ರಷ್ಟನ್ನಾದರೂ ತೆಗೆದು 25–30ಕ್ಕೆ ಇಳಿಸುತ್ತದೆ. 25 ಅಂತ ಹಿಡಿದರೆ 500 ಲೀಟರಿಗೆ ಹನ್ನೆರಡೂವರೆ ಗ್ರಾಂ, ಅಂದರೆ ಅರ್ಧ ಲೀಟರ್ ರೆಸಿನ್. ಹತ್ತು ಲೀಟರ್ ಸಿಲಿಂಡರ್ ಇಪ್ಪತ್ತು ದಿನ ಬಂತು. ಬೋರ್ ನೀರಿನ ಬೈಕಾರ್ಬನೇಟಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಅನಿಲ ಮೆಂಬ್ರೇನನ್ನು ದಾಟಿ ಬಂದು ರೆಸಿನ್ನನ್ನು ತಿನ್ನುತ್ತದೆ. ಮೀಟರಿನಲ್ಲಿ ಅದು ಪೂರ್ತಿ ಕಾಣುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಬಂದದ್ದರ ಮುಕ್ಕಾಲನ್ನು ಮಾತ್ರ ನಂಬಿ, ಹದಿನೈದು ದಿನ ಅನ್ನಿ.

ನನ್ನ ಮಾತು ಇಷ್ಟೆ: ವಾರಕ್ಕೊಂದು ಮನೆ, ನೂರು ಲೀಟರ್, ನಲ್ಲಿ ನೀರು 150ರ ಒಳಗೆ ಇದ್ದರೆ ಮಾತ್ರ ಬರೀ ಡಿಐ ಕೊಳ್ಳಿ. ದಿನದ ದುಡಿಮೆಗೆ ಇಳಿದವರು ಆರ್‌ಒ ಜೊತೆ ಡಿಐ ಇಡಲೇಬೇಕು. ನಾಲ್ಕಿಂಚು ಅಡ್ಡಳತೆ, ನಲವತ್ತು ಇಂಚು ಉದ್ದದ ‘4040’ ಮೆಂಬ್ರೇನ್ ಒಂದಿರುವ, ಗಂಟೆಗೆ 250 ಲೀಟರಿನ ಯಂತ್ರ ಒಂದೆರಡು ಪೋಲಿನ ತಂಡಕ್ಕೆ ಸಾಕು. ಸಂಜೆ ಓಡಿಸಿ ಡ್ರಮ್ ತುಂಬಿಟ್ಟರೆ ಬೆಳಿಗ್ಗೆ ಹೊರಡಬಹುದು.

ರೆಸಿನ್ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ನನಗೊಮ್ಮೆ ಸಾಫ್ಟ್‌ನರಿನ ರೆಸಿನ್ನನ್ನೇ ಮಿಕ್ಸೆಡ್ ಬೆಡ್ ಅಂತ ಕೊಟ್ಟು ಕಳಿಸಿದ್ದರು. ತುಂಬಿ ಅಳೆದಾಗ ಮೀಟರ್ ಒಂದಂಕಿಯೂ ಇಳಿಯಲಿಲ್ಲ. ಮಿಕ್ಸೆಡ್ ಬೆಡ್ಡನ್ನು ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದರೆ ಸಾಮಾನ್ಯವಾಗಿ ಎರಡು ಛಾಯೆಯ ಮಣಿ ಕಾಣುತ್ತವೆ. ಒಂದೇ ಬಣ್ಣವಿದ್ದರೆ ಅನುಮಾನಪಡಿ, ತುಂಬಿ ಅಳೆದು ಸೊನ್ನೆ ತೋರಿಸಿದ ಮೇಲೆಯೇ ದುಡ್ಡು ಕೊಡಿ. ಎರಡನೆಯದು, ರೆಸಿನ್ ಮುಗಿದಾಗ ಅದಕ್ಕೆ ಉಪ್ಪು ಸುರಿಯಬೇಡಿ. ನಮ್ಮ ಹುಡುಗನೊಬ್ಬ ಸಾಫ್ಟ್‌ನರಿಗೆ ಉಪ್ಪು ಹಾಕುವುದನ್ನು ನೋಡಿದ್ದ. ಇದಕ್ಕೂ ಐದು ಕೆ.ಜಿ. ಸುರಿದ. ಅರ್ಧ ಜೀವ ಉಳಿದಿದ್ದ ಮಣಿಗಳೂ ಸತ್ತುಹೋದವು. ಮಿಕ್ಸೆಡ್ ಬೆಡ್ಡಿಗೆ ಮತ್ತೆ ಶಕ್ತಿ ತುಂಬಲು ಎರಡು ಜಾತಿಯ ಮಣಿ ಬೇರ್ಪಡಿಸಿ ಒಂದಕ್ಕೆ ಆಮ್ಲ, ಇನ್ನೊಂದಕ್ಕೆ ಕಾಸ್ಟಿಕ್ ಸೋಡಾ ಹಾಯಿಸಬೇಕು. ಮನೆ ಅಂಗಳದ ಕೆಲಸವಲ್ಲ ಅದು. ಹೊಸದು ತುಂಬಿ.

ಜೋಡಿಸುವ ಕ್ರಮ

ಮೊದಲು ಮಣ್ಣು ತಡೆಯುವ ಸೆಡಿಮೆಂಟ್ ಫಿಲ್ಟರ್, ಆಮೇಲೆ ಕಾರ್ಬನ್, ಆಮೇಲೆ ಮೆಂಬ್ರೇನ್, ಕೊನೆಗೆ ಡಿಐ. ಕಾರ್ಬನ್ನನ್ನು ಉಳಿತಾಯಕ್ಕೆಂದು ಬಿಡಬೇಡಿ. ನಲ್ಲಿ ನೀರಿನ ಕ್ಲೋರಿನ್ ಮೆಂಬ್ರೇನಿನ ಪದರವನ್ನು ತಿಂದುಹಾಕುತ್ತದೆ, ಹಾಳಾದದ್ದು ಮತ್ತೆ ಸರಿಯಾಗುವುದಿಲ್ಲ. ಬೋರ್ ನೀರು ತುಂಬ ಗಡಸಾಗಿದ್ದರೆ ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟುತ್ತದೆ. ಆಗ ಅದರ ಮುಂಚೆ ಸಾಫ್ಟ್‌ನರ್ ಅಥವಾ ಆಂಟಿಸ್ಕೇಲೆಂಟ್ ಡೋಸಿಂಗ್, ಅಂದರೆ ಸುಣ್ಣ ಕಟ್ಟದಂತೆ ನೀರಿಗೆ ಅಳತೆಯಲ್ಲಿ ಮದ್ದು ಬೆರೆಸುವ ಏರ್ಪಾಡು ಬೇಕು. ಸಾಫ್ಟ್‌ನರಿಗೆ ಈ ಕೆಲಸದಲ್ಲಿ ಇರುವ ನ್ಯಾಯವಾದ ಜಾಗ ಅದೊಂದೇ.

‘ಟ್ಯಾಂಕ್ ಮೇಲಿದೆ, ಪಂಪ್ ಯಾಕೆ?’ ಅಂತ ಕೇಳುವವರುಂಟು. ಹತ್ತು ಮೀಟರ್ ಎತ್ತರದ ಟ್ಯಾಂಕ್ ಕೊಡುವುದು 14 ಪಿಎಸ್‌ಐ ಒತ್ತಡ ಮಾತ್ರ. ಮನೆಬಳಕೆಯ ಸಣ್ಣ ಮೆಂಬ್ರೇನಿಗೇ ಅದರ ನಾಲ್ಕೈದು ಪಟ್ಟು ಬೇಕು, ದೊಡ್ಡದಕ್ಕೆ ಇನ್ನೂ ಹೆಚ್ಚು. ಯಂತ್ರದ ಜೊತೆ ಬರುವ ಪಂಪನ್ನು ಕೈಬಿಟ್ಟು ಕಡಿಮೆ ಬೆಲೆಗೆ ಕೇಳಬೇಡಿ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ನೀರು ಕಡಿಮೆ ಬಂದರೆ ಗಾಬರಿಯೂ ಬೇಡ. ಮೆಂಬ್ರೇನಿನ ಲೆಕ್ಕವೆಲ್ಲ 25 ಡಿಗ್ರಿ ಶಾಖದ ನೀರಿಗೆ ಕೊಟ್ಟಿರುವುದು.

ಆರ್‌ಒ ನಿಂತಿದ್ದು ಮತ್ತೆ ಶುರುವಾದಾಗ ಮೊದಲ ಕೆಲವು ನಿಮಿಷದ ನೀರಿನಲ್ಲಿ ಟಿಡಿಎಸ್ ಹೆಚ್ಚು. ಅದನ್ನು ಡಿಐಗೆ ಬಿಡದೆ ಹೊರಗೆ ತೆಗೆಯಲು ಒಂದು ವಾಲ್ವ್ ಹಾಕಿಸಿ, ರೆಸಿನ್ ಉಳಿಯುತ್ತದೆ. ಶುದ್ಧ ನೀರು ಲೋಹವನ್ನು ಕರಗಿಸಿಕೊಳ್ಳುವುದರಿಂದ ಜಿಐ ಪೈಪು, ಹಿತ್ತಾಳೆ ನಲ್ಲಿ ಬೇಡ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮನ್ನು ನೆರಳಲ್ಲಿಡಿ.

ಆರ್‌ಒ ಹೊರಗೆ ಚೆಲ್ಲುವ ನೀರನ್ನು ಚರಂಡಿಗೆ ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಬಿಂದಿಗೆ ಹಿಡಿದು ಕಾಯುವವರ ಕಣ್ಣೆದುರೇ ಈ ಕೆಲಸ ಮಾಡುತ್ತೇವೆ. ನೆಲ ತೊಳೆಯಲು, ಶೌಚಾಲಯಕ್ಕೆ ಬಳಸಿ. ಗಿಡಕ್ಕೆ ಹಾಕಬೇಡಿ, ಉಪ್ಪು ಹೆಚ್ಚು. ಮಳೆಗಾಲದಲ್ಲಿ ಚಾವಣಿಯ ಮಳೆನೀರು ಹಿಡಿಯುವವರು ಇನ್ನೂ ಜಾಣರು. ಸಾವಿರ ಚದರಡಿ ಚಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿನ ಲೆಕ್ಕ. ಮೊದಲ ಮಳೆಯ ಧೂಳು ತೊಳೆದುಹೋಗಲು ಬಿಟ್ಟು ಆಮೇಲಿನದನ್ನು ಹಿಡಿದು ಸೋಸಿ ಕೊಟ್ಟರೆ ರೆಸಿನ್ನಿಗೆ ಕೆಲಸವೇ ಇರುವುದಿಲ್ಲ.

ಗಾಜಿನ ಮೇಲೆ

ಎಂಥ ಯಂತ್ರ ತಂದರೂ ಹಳೆಯ ಸುಣ್ಣದ ಕಲೆ ಬರೀ ನೀರಿಗೆ ಹೋಗುವುದಿಲ್ಲ. ಮೊದಲೇ ಮನೆಯವರಿಗೆ ಹೇಳಿಬಿಡಿ. ಅದಕ್ಕೆಂದು ಬಚ್ಚಲು ತೊಳೆಯುವ ಆಸಿಡ್ ಎರಚಿದರೆ ಅಲ್ಯೂಮಿನಿಯಂ ಚೌಕಟ್ಟು ಕಪ್ಪಾಗಿ ಹಾಳಾಗುತ್ತದೆ. ಸೋಪಿನ ನೀರಲ್ಲಿ ತೊಳೆದು ರೂಢಿಯಾದ ಗಾಜು ಮೊದಲೆರಡು ಸಲ ಚುಕ್ಕೆ ತೋರಿಸಬಹುದು, ಚೌಕಟ್ಟಿನ ಸಂದಿಯಲ್ಲಿರುವ ಹಳೆಯ ಸೋಪು ಇಳಿದು ಬರುವುದರಿಂದ. ಮಂಡ್ಯ ಕಡೆ ಆಲೆಮನೆಗಳ ಹತ್ತಿರದ ಮನೆಗಳಲ್ಲಿ ಮಸಿ ಅಂಟಿಕೊಂಡಿರುತ್ತದೆ. ಅಲ್ಲಿ ಚೌಕಟ್ಟಿನ ಮೇಲಂಚನ್ನು ಮೊದಲು ಉಜ್ಜಿ, ಗಾಜಿಗೆ ಆಮೇಲೆ ಬನ್ನಿ.

ಡಿಐಯಿಂದ ಹೊರಬರುವ ಅಂಕಿ ದಿನಾ ನೋಡಿ. ಸೊನ್ನೆಯಿಂದ ಏರಲು ಶುರುವಾದರೆ ಹೊಸ ರೆಸಿನ್ ತರಿಸಿ. 10 ಮುಟ್ಟುವವರೆಗೆ ಕಾಯಬೇಡಿ, ಅಷ್ಟರಲ್ಲಿ ಮೀಟರಿಗೆ ಕಾಣದ ಸಿಲಿಕಾ ಜಾರಿಬರುತ್ತಿರುತ್ತದೆ. ಆರ್‌ಒ ನೀರಿನ ಅಂಕಿ ಒಳಬರುವ ನೀರಿನ ಹತ್ತನೇ ಒಂದು ಭಾಗ ದಾಟಿದರೆ ಮೆಂಬ್ರೇನ್ ಬದಲಿಸಿ. ಮೀಟರಿನ ಮೇಲೆ ಅನುಮಾನ ಬಂದ ದಿನ ಕಪ್ಪು ಗ್ರಾನೈಟ್ ತುಂಡಿನ ಮೇಲೆ ಡ್ರಮ್ಮಿನ ನೀರು ಒಂದು ಹನಿ, ಪಕ್ಕದಲ್ಲಿ ನಲ್ಲಿ ನೀರು ಒಂದು ಹನಿ ಬಿಟ್ಟು ಬಿಸಿಲಿಗಿಡಿ. ನಲ್ಲಿ ನೀರಿನ ಹನಿ ಬಿಳಿ ಬಳೆ ಬಿಟ್ಟುಹೋಗುತ್ತದೆ. ಇನ್ನೊಂದು ಹನಿ ಬಿದ್ದಿದ್ದ ಜಾಗ ಯಾವುದು ಅಂತ ಬೆರಳಿಟ್ಟು ತೋರಿಸಲು ಆಗಬಾರದು. ಹಾಗೆ ತೋರಿಸಲು ಬಂದರೆ ಅವತ್ತು ಗಾಡಿ ಹೊರಡಿಸಬೇಡಿ.